ಮನೆಯಂಗಳ: ಸೊಟ್ಟ ಪೊಟ್ಟಣ

ಸಂಕ್ರಾಂತಿ ಸಂಚಿಕೆಗೆ ಈ ಸಲ ಯಾವ ವಿಷಯವೆಂದು ಸಂಪಾದಕರು ಕೇಳಿದಾಗ ನಾವು "ಕಾಗದದ ಪೊಟ್ಟಣ" ಎಂದೆವು. ಅವರು ಒಂದು ಗಳಿಗೆ ಸುಮ್ಮನಿದ್ದು, "ಪೊಟ್ಟಣದಲ್ಲಿ ಏನು?" ಎಂದರು. "ಎಳ್ಳು. ಆದರೆ ನಾವು ಬರೆಯಹೊರಟಿರುವುದು ಎಳ್ಳಿನ ಮಾತನ್ನಲ್ಲ, ಪೊಟ್ಟಣದ ಮಾತನ್ನು" ಎಂದೆವು. ಹಬ್ಬದ ಸಂಚಿಕೆಗೆ ಏನೋ ಹಿರಿದಾದುದನ್ನು ನಿರೀಕ್ಷಿಸಿದ್ದ ಅವರಿಗೆ ನಿರಾಶೆಯಾಗಿರಬೇಕು. ಓದುಗರಿಗೂ ಆದೀತು. ಆದರೂ ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಪುಟ ಮಗುಚುವ ಮುನ್ನ ನಮ್ಮ ಈ ತಪ್ಪೊಪ್ಪಿಗೆಯನ್ನು ಒಮ್ಮೆ ಕೇಳಬೇಕೆಂದು ಪ್ರಾರ್ಥನೆ.

ಕುಷಾಯಿಗೂಡದಲ್ಲಿ ನಾವು ಮನೆ ಮಾಡಿ ಬಹಳ ಕಾಲವಾಯಿತು. ಹತ್ತಿರದಲ್ಲಿ ಇ.ಸಿ.ಐ.ಎಲ್. ಕಾರ್ಖಾನೆ 1967ರಲ್ಲಿಯೂ, ಪರಮಾಣು ಇಂಧನದ ಕಾರ್ಖಾನೆ 1971ರಲ್ಲಿಯೂ ಆರಂಭವಾದ ಮೇಲೆ ನಾನಾ ಕಡೆಯ ಜನ ಕೆಲಸ ಹುಡುಕಿಕೊಂಡು ಈ ಕಡೆಗೆ ಬಂದರು. ಕನ್ನಡದವರೂ ಬಂದೆವು. ಬೆಂಗಳೂರು, ಮೈಸೂರುಗಳ ಕಡೆಯವರು ಕೆಲವರು. ಬೀದರ, ಕಲಬುರಗಿ, ರಾಯಚೂರುಗಳ ಕಡೆಯವರು ಕೆಲವರು. ಈ ಎರಡನೆಯವರಿಗೆ ಹೈದರಾಬಾದು ಪರಸ್ಥಳವೇ ಅಲ್ಲ. 1956ರ ನವೆಂಬರ್ 1ರವರೆಗೆ ಅವರ ಊರುಗಳೂ ಈ ಊರೂ ಒಂದೇ ಸಂಸ್ಥಾನ. ನಾವು ಮಾತ್ರ ಬಂದವರು, ಬಂದವರಾಗಿಯೇ ಉಳಿದವರು. ಸಂಕ್ರಾಂತಿಯ ದಿನ ಅವರು ಸಕ್ಕರೆ ಪಾಕ ಹಿಡಿಸಿ ಮುಳ್ಳುಮುಳ್ಳಾಗಿಸಿದ ಕುಸುರೆಳ್ಳನ್ನು ಅಂಗೈಗೆ ಹಾಕಿ, "ಎಳ್ಳು ಬೆಲ್ಲ ತಗೊಂಡು ಒಳ್ಳೆ ಮಾತಾಡೂಣು" ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹುರಿದ ಎಳ್ಳಿಗೆ ಬೆಲ್ಲದ ಚೂರು, ಕೊಬ್ಬರಿ ಚೂರು, ಹುರಿಗಡಲೆ, ಕಡಲೆಕಾಯಿ ಬೀಜ ಬೆರೆಸಿ, ಸಕ್ಕರೆ ಅಚ್ಚು ಒಂದನ್ನು ಜೊತೆಗಿಟ್ಟು ಬೀರುವ ಪದ್ಧತಿ. ನೆರೆಯ ತೆಲುಗರ ಮನೆಗಳ ಮುಂದೆ ಅಂದು ಹಾಸುಗಂಬಳಿಯಂತಹ ಮುಗ್ಗು, ನಡುವೆ ಹೂ ಸಿಕ್ಕಿಸಿದ ಗೊಬ್ಬೆಮ್ಮ. ಭೋಗಿಯ ಸಂಜೆ ಅವರು ಮಕ್ಕಳ ತಲೆಯ ಮೇಲೆ ಎಲಚಿ ಹಣ್ಣು ಎರೆಯುವುದನ್ನು ನೋಡುವಾಗ ನಮ್ಮ ತಾಯಿ ನಮಗೆ ಎರೆಯುತ್ತಿದ್ದುದು ನೆನಪಾಗುತ್ತದೆ. ಆದರೆ ಮನೆಮನೆಗೆ ಎಳ್ಳು ಹಂಚುವುದು ನಮ್ಮ ಬೀದಿಯ ತೆಲುಗು ಮನೆಗಳಲ್ಲಿ ವಾಡಿಕೆಯಲ್ಲ. ಹಾಗಾಗಿ ನಾವು ಎಳ್ಳಿನ ತಟ್ಟೆ ಹಿಡಿದು ಹೊರಟರೆ ಇಡೀ ಕಟ್ಟಡಕ್ಕೆ "ಕನ್ನಡದವರು ಬಂದರು" ಎಂದು ತಿಳಿಯುತ್ತದೆ.

ಈಗ ಪೊಟ್ಟಣ. ಬಾಲ್ಯದಲ್ಲಿ ಹಬ್ಬಕ್ಕೆ ವಾರವಿರುವಾಗಲೇ ಮನೆಯ ಹೆಂಗಸರು ಕೊಬ್ಬರಿ, ಬೆಲ್ಲ ಹೆಚ್ಚಿ ಬಿಸಿಲಿಗೆ ಹರವುತ್ತಿದ್ದರು. ಮಕ್ಕಳಾದ ನಮಗೆ ಪೊಟ್ಟಣದ ಕೆಲಸ. ಹಳೆಯ ಲೆಕ್ಕದ ಪುಸ್ತಕದ ಉಳಿದ ಹಾಳೆಗಳನ್ನು ಹರಿದು, ಅನ್ನದ ಅಗುಳಿನಿಂದ ಅಂಟಿಸಿ, ಅಂಗಡಿ ಶೆಟ್ಟರಂತೆ ಮಡಿಸಿ ಎಣಿಸುವುದು. ಅದನ್ನು ಯಾರೂ ಕೈಗೆಲಸವೆಂದು ಕರೆದಿರಲಿಲ್ಲ. ಉಡುಗೊರೆ ಎಂಬ ಮಾತಂತೂ ಮದುವೆ ಮನೆಗೆ ಸೇರಿದುದು. ಆದರೆ ಈಗ ಯೋಚಿಸಿದರೆ, ಒಂದು ಮಗು ತನ್ನ ಕೈಯಾರೆ ಮಾಡಿ, ತಾನೇ ಹೊತ್ತು, ಮತ್ತೊಬ್ಬರ ಬಾಗಿಲಿಗೆ ಹೋಗಿ ಕೊಡುವ ವಸ್ತು ನಮ್ಮ ಸಂಪ್ರದಾಯದಲ್ಲಿ ಇದಕ್ಕಿಂತ ಸರಳವಾದುದು ಯಾವುದಿದೆ? ಇತ್ತೀಚೆಗೆ ಹಬ್ಬದ ಬೆಳಿಗ್ಗೆ ಮೊಬೈಲಿನಲ್ಲಿ ನೂರಾರು ಎಳ್ಳು ಬೆಲ್ಲದ ಚಿತ್ರಗಳು ಬರುತ್ತವೆ. ಬಾಯಿಗೆ ಒಂದು ಕಾಳೂ ಬೀಳುವುದಿಲ್ಲ.

ಎರಡು ವರ್ಷದ ಹಿಂದಿನ ಸಂಕ್ರಾಂತಿಗೆ ನಮ್ಮ ಮೊಮ್ಮಗನಿಗೆ ಐದು ತುಂಬಿತ್ತು. ಇಲ್ಲಿಯೇ ಹುಟ್ಟಿದವನು. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ಊಟಕ್ಕೆ ಕುಳಿತಾಗ ಕನ್ನಡ. 2018ರ ಕಾಯಿದೆಯಂತೆ ಇಲ್ಲಿನ ಶಾಲೆಗಳಲ್ಲಿ ತೆಲುಗು ಕಡ್ಡಾಯ, ಆಗಲೇಬೇಕಾದುದು. ಈ ನೆಲದ ಅನ್ನ ತಿನ್ನುವ ಮಕ್ಕಳಿಗೆ ಈ ನೆಲದ ಅಕ್ಷರ ಬೇಡವೆ? ಆದರೆ ಕನ್ನಡದ ಅಕ್ಷರ ಕಲಿಸುವ ಹೊಣೆ ಅಜ್ಜಿ ತಾತಂದಿರ ಪಾಲಿಗೆ ಬೀಳುತ್ತದೆ. ಪುಟ್ಟನಿಗೆ ಅದು ಬೇಸರದ ಕೆಲಸ. ತಿದ್ದುವ ಪುಸ್ತಕ ತೆಗೆದರೆ ಹೊಟ್ಟೆನೋವು ಬರುತ್ತಿತ್ತು. ಅಂತಹವನು ಪೊಟ್ಟಣ ಕಟ್ಟೋಣ ಬಾರೋ ಎಂದಾಗ ಓಡಿ ಬಂದ. ಮಡಿಸಿದ. ಅಷ್ಟಕ್ಕೇ ನಿಲ್ಲದೆ, "ತಾತ, ಒಳಗೇನಿದೆ ಅಂತ ಅವರಿಗೆ ಹ್ಯಾಗೆ ಗೊತ್ತಾಗತ್ತೆ?" ಎಂದು ತಾನೇ ಕೇಳಿ, ನಮ್ಮಿಂದ ಬರೆಸಿಕೊಂಡು, ನೋಡಿ ನೋಡಿ ಪ್ರತಿಯೊಂದರ ಮೇಲೂ ನೀಲಿ ಬಳಪದಲ್ಲಿ "ಎಳ್ಳು" ಎಂದು ಬರೆದ. ಇಪ್ಪತ್ತನಾಲ್ಕು ಸಲ. ಹೊಟ್ಟೆನೋವು ಬರಲಿಲ್ಲ.

ಇಲ್ಲಿ ನಮ್ಮ ರೋಗದ ಮಾತು ಹೇಳಬೇಕು. ನಾವು ನಕ್ಷೆ ಬರೆಯುವ ಹಲಗೆಯ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದವರು. ಗೋಡೆಯ ಮೇಲಿನ ಪಟ ಒಂದು ಎಳೆಯಷ್ಟು ವಾಲಿದ್ದರೂ ಊಟ ರುಚಿಸುವುದಿಲ್ಲ. ಅದರ ಮೇಲೆ ಕಾಗದ ಮಡಿಸುವುದರಲ್ಲಿ ಸ್ವಲ್ಪ ಪಾಂಡಿತ್ಯದ ಜಂಬವೂ ಉಂಟು. ಟಿ. ಸುಂದರ ರಾವ್ ಎಂಬವರು 1893ರಲ್ಲಿ ಮದರಾಸಿನಲ್ಲಿ ಕಾಗದ ಮಡಿಸಿ ರೇಖಾಗಣಿತ ಕಲಿಯುವ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕ ಪ್ರಕಟಿಸಿದರು. ಬರಿಯ ಚೌಕದ ಕಾಗದ, ಕೈಬೆರಳು. ಇಷ್ಟರಿಂದಲೇ ಸಮಭುಜ ತ್ರಿಕೋನ, ಪಂಚಕೋನ ಮೊದಲಾದ ಆಕೃತಿಗಳನ್ನು ತೆಗೆಯುವ ಬಗೆ ಅದರಲ್ಲಿದೆ. ಫೆಲಿಕ್ಸ್ ಕ್ಲೈನ್ ಎಂಬ ಹೆಸರಾಂತ ಜರ್ಮನ್ ಗಣಿತಜ್ಞರು ತಮ್ಮ ಗ್ರಂಥವೊಂದರಲ್ಲಿ ಅದನ್ನು ಹೆಸರಿಸಿದ ಮೇಲೆ 1901ರಲ್ಲಿ ಅಮೆರಿಕದ ಷಿಕಾಗೋದಲ್ಲಿಯೂ ಅಚ್ಚಾಯಿತು. ಆ ಪುಸ್ತಕದ ಕಲ್ಪನೆ ತಮಗೆ ಹೊಳೆದುದು ಶಿಶುವಿಹಾರದ ಆಟದ ಸಾಮಾನಿನಿಂದ ಎಂದು ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಶಿಶುವಿಹಾರ ಅಥವಾ ಕಿಂಡರ್‌ಗಾರ್ಟನ್ ಎಂಬುದನ್ನು ಹುಟ್ಟುಹಾಕಿದ ಜರ್ಮನಿಯ ಫ್ರೋಬೆಲ್ ಮಹಾಶಯರು ಮಕ್ಕಳಿಗೆ ಕೊಡುವ ಆಟದ ಸಾಮಾನುಗಳಿಗೆ "ಉಡುಗೊರೆ"ಗಳೆಂದೇ ಹೆಸರಿಟ್ಟಿದ್ದರು. ಸುಂದರ ರಾಯರಿಗೆ ದಾರಿ ತೋರಿಸಿದುದು ಅವುಗಳಲ್ಲಿ ಎಂಟನೆಯದು, ಬಣ್ಣಬಣ್ಣದ ಇನ್ನೂರು ಚೌಕದ ಕಾಗದಗಳ ಕಟ್ಟು. ಇವೆಲ್ಲವನ್ನೂ ನಾವು ಆ ದಿನ ಪುಟ್ಟನ ಮುಂದೆ ಉಪನ್ಯಾಸದಂತೆ ಹೇಳಿದೆವು. ಅವನು ಮೂಗಿನಲ್ಲಿ ಬೆರಳಿಟ್ಟುಕೊಂಡು ಕೇಳಿದ.

ರಾತ್ರಿ ಮಗು ಮಲಗಿದ ಮೇಲೆ ಇಪ್ಪತ್ತನಾಲ್ಕು ಪೊಟ್ಟಣಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದೆವು. ಒಂದರ ಮೂಲೆ ಇನ್ನೊಂದರಂತಿಲ್ಲ. ಕೆಲವು ದೋಣಿಯಂತೆ ಮಗ್ಗುಲಾಗಿವೆ. ಒಂದರಲ್ಲಿ "ಎ" ಕೆಳಗೆ ಜಾರಿ "ಳ್ಳು"ವಿನ ಮೇಲೆ ಕುಳಿತಿದೆ. ನಾಳೆ ಇವನ್ನು ಇಡೀ ಕಟ್ಟಡದವರು ನೋಡುತ್ತಾರೆ. ಕನ್ನಡದವರ ಮನೆಯ ಪೊಟ್ಟಣ ಹೀಗೆಯೇ ಎಂದುಕೊಂಡರೆ? ನಾವು ಮಾಪಕ, ಕತ್ತರಿ, ಹೊಸ ಬಿಳಿ ಹಾಳೆಗಳನ್ನು ತಂದು ಕುಳಿತೆವು. ನಮ್ಮ ಮನೆಯಾಕೆ ಬಾಗಿಲಲ್ಲಿ ನಿಂತು, "ರೀ, ಬಿಡಿ, ಮಗು ಮಾಡಿದ್ದು" ಎಂದರು. "ನಿನಗೆ ಗೊತ್ತಾಗುವುದಿಲ್ಲ" ಎಂದೆವು. ಹನ್ನೆರಡು ಹೊಡೆಯುವ ವೇಳೆಗೆ ಇಪ್ಪತ್ತನಾಲ್ಕು ಹೊಸ ಪೊಟ್ಟಣಗಳು ಸಿಪಾಯಿಗಳಂತೆ ನಿಂತವು. ಪ್ರತಿಯೊಂದರ ಮೇಲೂ ನಕ್ಷೆಯ ದುಂಡಕ್ಷರದಲ್ಲಿ "ಎಳ್ಳು". ಹಳೆಯವು ರದ್ದಿಯ ಬುಟ್ಟಿಗೆ ಹೋದವು.

ಬೆಳಿಗ್ಗೆ ಪುಟ್ಟ ಹೊಸ ಬಟ್ಟೆ ಹಾಕಿಕೊಂಡು ಬಂದು ತಟ್ಟೆಯನ್ನು ನೋಡಿದ. "ನಂದು ಎಲ್ಲಿ?" ಎಂದ. "ಇವೇ ಕಣೋ, ಸ್ವಲ್ಪ ನೆಟ್ಟಗೆ ಮಾಡಿದೆ" ಎಂದೆವು. ಅವನು ಒಂದನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ, ಇದ್ದ ಜಾಗದಲ್ಲೇ ಇಟ್ಟ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅಳಲಿಲ್ಲ. ಬೀರುವುದಕ್ಕೆ ನಮ್ಮ ಜೊತೆ ಬರುವುದಿಲ್ಲವೆಂದ, ಗಾಳಿಪಟ ನೋಡಲು ಮಹಡಿಗೆ ಹೋದ. ನಾವೊಬ್ಬರೇ ತಟ್ಟೆ ಹೊತ್ತು ಬಾಗಿಲಿಂದ ಬಾಗಿಲಿಗೆ ಹೋದೆವು. ಎಲ್ಲರೂ ಪೊಟ್ಟಣ ಬಹಳ ಅಂದವಾಗಿದೆಯೆಂದರು, ಯಾವ ಅಂಗಡಿಯಲ್ಲಿ ತಂದಿರೆಂದು ಕೇಳಿದರು.

ಅಲ್ಲಿಂದ ಮುಂದೆ ಒಂದು ವರ್ಷ ಮನೆಯಲ್ಲಿ ನಡೆದುದನ್ನು ಬರೆಯುವಾಗ ಈಗಲೂ ಕಸಿವಿಸಿಯಾಗುತ್ತದೆ. ಯುಗಾದಿಗೆ ಬಾಗಿಲ ತೋರಣಕ್ಕೆ ಕಾಗದದ ಎಲೆ ಕತ್ತರಿಸೋಣವೆಂದರೆ, "ನಂಗೆ ಬರಲ್ಲ, ತಾತ ಮಾಡ್ತಾರೆ" ಎಂದ. ಗಣಪತಿಯ ಮಂಟಪಕ್ಕೆ ಬಣ್ಣದ ಸರಪಣಿ ಅಂಟಿಸೆಂದರೆ ಅದೇ ಉತ್ತರ. ದಸರೆಯಲ್ಲಿ ಬೊಂಬೆಗಳ ಮುಂದೆ ಇಡುವ ಕಾಗದದ ಕೊಳ ಮಾಡೆಂದಾಗಲೂ ಅದೇ. ಕೋಪವಿಲ್ಲ, ಹಠವಿಲ್ಲ, ತನಗೆ ಬಾರದೆಂಬುದು ಅವನಿಗೆ ಖಚಿತವಾಗಿ ಹೋಗಿತ್ತು. ಕನ್ನಡದ ಅಕ್ಷರವೂ ಹಾಗೆಯೇ ನಿಂತಿತು. ಮೈಸೂರಿನ ಕಡೆಯಲ್ಲಿರುವ ನಮ್ಮ ಅಕ್ಕನವರಿಗೆ ಅವನ ಕೈಯಿಂದ ಎರಡು ಸಾಲು ಬರೆಸಬೇಕೆಂದು ಪ್ರಯತ್ನಿಸಿ ಸೋತೆವು. ಮಕ್ಕಳ ಕೈ ತಿದ್ದುತ್ತಿದ್ದೇವೆಂದು ನಾವು ಅಂದುಕೊಂಡಿರುವಾಗ ಅವರು ಎಲ್ಲಿ ಕೈ ಹಿಂತೆಗೆದುಕೊಳ್ಳುತ್ತಾರೋ ಕಾಣಿಸುವುದಿಲ್ಲ. ಕಳೆದ ಸಂಕ್ರಾಂತಿಗೆ ಪೊಟ್ಟಣದ ಸುದ್ದಿಯೇ ಎತ್ತದೆ ಅಂಗಡಿಯಿಂದ ಪಾರದರ್ಶಕವಾದ ಪ್ಲಾಸ್ಟಿಕ್ ಡಬ್ಬಿಗಳನ್ನು ತಂದು ತುಂಬಿದೆವು. ಡಬ್ಬಿಗಳು ಎಲ್ಲಕ್ಕಿಂತ ನೆಟ್ಟಗಿದ್ದವು.

ಆ ಡಬ್ಬಿಯನ್ನು ಕೊಡಲು ಎದುರು ಮನೆಗೆ ಹೋದಾಗ ಪುಟ್ಟನೂ ಜೊತೆಗಿದ್ದ. ಆ ಮನೆಯಲ್ಲಿರುವವರು ಗೋದಾವರಿ ಸೀಮೆಯ ವೃದ್ಧೆಯೊಬ್ಬರು. ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ, ಮನೆಯಲ್ಲಿ ಅವರೂ ಟೆಲಿವಿಷನ್ನೂ. ಅವರು ಡಬ್ಬಿಯನ್ನು ತೆಗೆದುಕೊಂಡು, ನಗುತ್ತಾ, "ಹೋದ ವರ್ಷ ನಿಮ್ಮ ಮೊಮ್ಮಗ ನನ್ನನ್ನು ಹೋಗೆಂದಿದ್ದ, ಈ ವರ್ಷ ಹಾಗೆನ್ನುವುದಿಲ್ಲವೆ?" ಎಂದು ತೆಲುಗಿನಲ್ಲಿ ಕೇಳಿದರು. ನಮಗೆ ಎದೆ ಧಸಕ್ಕೆಂದಿತು. ಹಿರಿಯರಿಗೆ ಹಾಗೆಂದನೆ? ಆಕೆ ಒಳಗೆ ಹೋಗಿ, ಬಾಗಿಲ ಪಕ್ಕದ ಗೂಡಿನಿಂದ ಏನನ್ನೋ ತಂದು ಅಂಗೈಯಲ್ಲಿ ಹಿಡಿದು ತೋರಿಸಿದರು.

ನೀಲಿ ಬಳಪದ "ಎಳ್ಳು". ದೋಣಿಯಂತೆ ಮಗ್ಗುಲಾದ ಪೊಟ್ಟಣ.

ನಡೆದುದು ಇಷ್ಟು. ಹಿಂದಿನ ವರ್ಷ ಹಬ್ಬದ ಹಿಂದಿನ ಸಂಜೆ, ನಾವು ಕತ್ತರಿ ಹಿಡಿಯುವುದಕ್ಕೆ ಮೊದಲೇ, ಪುಟ್ಟ ಒಂದು ಇಪ್ಪತ್ತೈದನೆಯ ಪೊಟ್ಟಣವನ್ನು ಮಾಡಿ ಯಾರಿಗೂ ಹೇಳದೆ ಓಡಿ ಹೋಗಿ ಅವರಿಗೆ ಕೊಟ್ಟುಬಿಟ್ಟಿದ್ದ. ಒಳಗೆ ಎಳ್ಳು ಇರಲಿಲ್ಲ. ಎಳ್ಳು ಇನ್ನೂ ಹುರಿದೇ ಇರಲಿಲ್ಲ. ಕನ್ನಡ, ತೆಲುಗು ಎರಡರಲ್ಲಿಯೂ ಆ ಅಕ್ಷರಗಳು ಹೆಚ್ಚು ಕಡಿಮೆ ಒಂದೇ ರೂಪದವಾದುದರಿಂದ ಆಕೆ ಸರಾಗವಾಗಿ ಓದಿಕೊಂಡರು. ಆದರೆ ಅವರ ಕಡೆಯ ಆಡುಮಾತಿನಲ್ಲಿ "ಎಳ್ಳು" ಎಂದರೆ "ಹೋಗು" ಎಂದರ್ಥ. ನಮ್ಮ ಎಳ್ಳು ಅವರಿಗೆ "ನುವ್ವುಲು". ಬರಿದಾದ ಪೊಟ್ಟಣ, ಮೇಲೆ "ಹೋಗು" ಎಂಬ ಆಜ್ಞೆ! ಆಕೆ ಇದನ್ನು ಫೋನಿನಲ್ಲಿ ಮಕ್ಕಳಿಗೆ ಹೇಳಿ ನಕ್ಕರಂತೆ. ಮರುದಿನ ನಮ್ಮ ಸಿಪಾಯಿ ಪೊಟ್ಟಣ ಬಂದಾಗ ಅರ್ಥ ಹೊಳೆಯಿತಂತೆ. ಅದನ್ನು ತಿಂದು ಬಿಸಾಡಿದರು. ಸೊಟ್ಟ ಪೊಟ್ಟಣವನ್ನು ಇಟ್ಟುಕೊಂಡರು. ಕೊತ್ತಂಬರಿ ಸೊಪ್ಪಿನ ಬಂಡಿ ಬಂದಾಗ ಕೊಡುವ ಚಿಲ್ಲರೆ ಅದರಲ್ಲಿತ್ತು. ವರ್ಷವಿಡೀ ತೆಗೆದು ಹಾಕಿ ಅಂಚು ಮೆತ್ತಗಾಗಿತ್ತು.

ಪುಟ್ಟ ಅದನ್ನು ಕೈಗೆ ತೆಗೆದುಕೊಂಡು, "ಇದು ನಂದು" ಎಂದ. ಚಿಲ್ಲರೆಯನ್ನು ನೆಲದ ಮೇಲೆ ಸುರಿದು ಎಣಿಸಿದ. ಹದಿನೇಳು ರೂಪಾಯಿ. ಮತ್ತೆ ತುಂಬಿ ಹಿಂದಕ್ಕೆ ಕೊಟ್ಟ. ಮನೆಗೆ ಬಂದ ಮೇಲೆ ನಮ್ಮನ್ನು ನೋಡದೆ, "ಅವರದ್ದು ಹಳೇದಾಗಿದೆ, ಹೊಸದು ಮಾಡಬೇಕು" ಎಂದ. ಸ್ವಲ್ಪ ಹೊತ್ತಿನ ಮೇಲೆ, "ತಾತ, ನೀನು ಮುಟ್ಟಬಾರದು" ಎಂದ. ಈ ಎರಡನೆಯ ಮಾತಿಗೆ ಮನೆಯಾಕೆ ಸಾಕ್ಷಿ; ಅವರು ಅಂದಿನಿಂದ ದಿನಕ್ಕೊಂದು ಸಲ ಅದನ್ನು ನಮಗೆ ನೆನಪಿಸುತ್ತಾರೆ.

ಇನ್ನು ಕೆಲಸದ ಮಾತಿಗೆ ಬರೋಣ. ಪೊಟ್ಟಣ ಕಟ್ಟುವುದನ್ನು ಮರೆತವರಿಗಾಗಿ ಹೇಳುತ್ತೇವೆ. ನೋಟುಪುಸ್ತಕದ ಹಾಳೆಯ ಗಿಡ್ಡ ಅಂಚನ್ನು ಉದ್ದ ಅಂಚಿನ ಮೇಲೆ ಕೂಡಿಸಿ ಮಡಿಸಿದರೆ ತ್ರಿಕೋನವಾಗುತ್ತದೆ. ಮಿಕ್ಕ ಪಟ್ಟಿಯನ್ನು ಕತ್ತರಿಸಿದರೆ ಚೌಕ ಸಿದ್ಧ. ಮಾಪಕ ಬೇಕಿಲ್ಲ. ತ್ರಿಕೋನದ ಉದ್ದ ಅಂಚು ನಮ್ಮ ಕಡೆಗಿರಲಿ, ಚೂಪಾದ ತುದಿ ಆಚೆಗೆ. ಎಡ ಮೂಲೆಯನ್ನು ಎತ್ತಿ ಎದುರಿನ ಓರೆ ಅಂಚಿಗೆ, ನಡುವಿಗಿಂತ ತುಸು ಮೇಲಕ್ಕೆ, ಮುಟ್ಟಿಸಿ ಮಡಿಸುವುದು. ಬಲ ಮೂಲೆಯನ್ನೂ ಹಾಗೆಯೇ ಅದರ ಮೇಲೆ ಎಡಕ್ಕೆ ತರುವುದು. ಈಗ ಮೇಲ್ತುದಿಯಲ್ಲಿ ಎರಡು ಪದರಗಳಿರುತ್ತವೆ. ಮುಂದಿನದನ್ನು ಕೆಳಗೆ ಬಾಗಿಸಿ, ಈಗ ತಾನೇ ಮಡಿಸಿದ ಮಡಿಕೆಯೊಳಕ್ಕೆ ತೂರಿಸಿದರೆ ಬಾಯಿ ತೆರೆಯುತ್ತದೆ. ಎಳ್ಳು ತುಂಬಿದ ಮೇಲೆ ಹಿಂದಿನ ಪದರವೇ ಮುಚ್ಚಳ. ಅದನ್ನೂ ಅಲ್ಲಿಗೇ ತೂರಿಸುವುದು. ಅಂಟು ಬೇಡ, ದಾರ ಬೇಡ. ಗೇಣಿಗಿಂತ ಸ್ವಲ್ಪ ಕಡಿಮೆಯ ಚೌಕದಲ್ಲಿ ಎರಡು ಮೂರು ಚಮಚ ಎಳ್ಳು ಧಾರಾಳವಾಗಿ ಹಿಡಿಯುತ್ತದೆ.

ಮೂರು ವರ್ಷದ ಮಗುವಿನಿಂದ ಇದು ಆಗದು. ಆ ವಯಸ್ಸಿಗೆ ಹರಿಯುವ ಕೆಲಸವೇ ಹಬ್ಬ. ಬಣ್ಣದ ಕಾಗದವನ್ನು ಚೂರು ಚೂರಾಗಿ ಹರಿದು, ಪೊಟ್ಟಣದ ಮೇಲೆ ತನಗೆ ತೋರಿದ ಕಡೆ ಅಂಟಿಸಲಿ. ನಾಲ್ಕು ಐದರ ಮಕ್ಕಳು ಮಡಿಸಿಯಾರು. ಗೆರೆಯನ್ನು ಉಗುರಿನಿಂದ ಒತ್ತುವ ಬಲ ಬಾರದಿದ್ದರೆ ಒಂದು ಚಮಚದ ಬೆನ್ನನ್ನು ಕೈಗೆ ಕೊಡಿ. ತುದಿ ಮೊಂಡಾದ ಕತ್ತರಿ ಐದರ ಮೇಲೆ, ನಾವು ಪಕ್ಕದಲ್ಲಿ ಕುಳಿತಿದ್ದರೆ. ಹಿರಿಯರಿಗೆ ಕಷ್ಟವಾದ ಭಾಗ ಈ ಪಕ್ಕದಲ್ಲಿ ಕುಳಿತಿರುವುದೇ. ಕೈ ತನಗೆ ತಾನೇ ಮುಂದೆ ಹೋಗುತ್ತದೆ. ನಾವು ಕಂಡುಕೊಂಡ ಉಪಾಯವೆಂದರೆ ನಮ್ಮ ಕೈಗೂ ಒಂದು ಕಾಗದ ತೆಗೆದುಕೊಂಡು ನಮ್ಮದೇ ಬೇರೊಂದು ಪೊಟ್ಟಣ ಮಾಡುತ್ತಿರುವುದು. ಮಗು ಕೇಳಿದರೆ ನಮ್ಮದನ್ನು ಬಿಚ್ಚಿ ಮತ್ತೆ ಮಡಿಸಿ ತೋರಿಸಬಹುದು, ಅದರದನ್ನು ಮುಟ್ಟಬೇಕಾಗಿಲ್ಲ.

ಅಂಟು ಬೇಕಾದಲ್ಲಿ ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಗಂಜಿಯಂತೆ ಕಾಯಿಸಿಕೊಳ್ಳಿ. ಪುಸ್ತಕದ ರಟ್ಟು ಕಟ್ಟುವವರು ಹುಳು ಬೀಳದಿರಲೆಂದು ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಬೆರಳು ಬಾಯಿಗೆ ಹೋಗುವ ವಯಸ್ಸಿನವರ ಅಂಟಿಗೆ ಹಾಕತಕ್ಕದ್ದಲ್ಲ. ಎರಡು ದಿನಕ್ಕೊಮ್ಮೆ ಹೊಸದಾಗಿ ಕಾಯಿಸಿಕೊಂಡರೆ ತೀರಿತು.

ಕಾಗದದ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಕಾಲದಲ್ಲಿ ಸುದ್ದಿಪತ್ರಿಕೆಯ ಪೊಟ್ಟಣದಲ್ಲಿಯೇ ಎಳ್ಳು ತಿಂದೆವು. ಆದರೆ ಅಚ್ಚಿನ ಮಸಿ ತಿನಿಸಿಗೆ ತಗಲುವುದು ಒಳ್ಳೆಯದಲ್ಲವೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿಯೇ ತಿಳುವಳಿಕೆ ನೀಡಿದೆ. ಆದುದರಿಂದ ಎಳ್ಳು ಮುಟ್ಟುವ ಕಾಗದ ಅಚ್ಚಿಲ್ಲದ ಬಿಳಿಯದಾಗಿರಲಿ. ಹಳೆಯ ಕ್ಯಾಲೆಂಡರು, ಮದುವೆಯ ಕರೆಯೋಲೆ ಇವೆಲ್ಲ ಹೊರಗಿನ ಅಲಂಕಾರಕ್ಕೆ. ಮಹಾತ್ಮಾ ಗಾಂಧಿಯವರು ಬಂದ ಲಕೋಟೆಗಳನ್ನು ಬಿಚ್ಚಿ ಒಳಮಗ್ಗುಲಲ್ಲಿ ಬರೆಯುತ್ತಿದ್ದರೆಂಬುದು ಎಲ್ಲರೂ ಬಲ್ಲ ಸಂಗತಿ. ನಮ್ಮ ಮನೆಯ ನೋಟುಪುಸ್ತಕಗಳ ಉಳಿದ ಹಾಳೆಗಳು ಮಾರ್ಚ್ ಕಳೆದೊಡನೆ ತೂಕಕ್ಕೆ ಹೋಗುವುದನ್ನು ಕಂಡಾಗ ನಮಗೆ ಭದ್ರಾವತಿಯ ನೆನಪಾಗುತ್ತದೆ. ನಾವು ಬರೆದು ಕಲಿತುದು ಬಹುಮಟ್ಟಿಗೆ ಅಲ್ಲಿನ ಕಾಗದದ ಮೇಲೆ. ಆ ಕಾರ್ಖಾನೆ ಈಗ ಕೆಲವು ವರ್ಷಗಳಿಂದ ನಿಂತಿದೆ. ನಿಜಾಮರ ಕಾಲದಲ್ಲಿ ಈ ರಾಜ್ಯದಲ್ಲಿ ಹುಟ್ಟಿದ ಸಿರ್ಪೂರ್ ಕಾಗದದ ಕಾರ್ಖಾನೆ ಒಂದು ಊರಿಗೇ ಕಾಗಜ್‌ನಗರವೆಂಬ ಹೆಸರು ತಂದಿತು. ಅದೂ 2014ರಲ್ಲಿ ನಿಂತು, 2018ರಲ್ಲಿ ಮತ್ತೆ ನಡೆಯತೊಡಗಿತು. ಹಾಳೆಯ ಹಿಂದೆ ಇಷ್ಟೆಲ್ಲ ಏಳುಬೀಳುಗಳಿರುವಾಗ ಖಾಲಿ ಮಗ್ಗುಲನ್ನು ರದ್ದಿಗೆ ಹಾಕಲು ಮನಸ್ಸು ಬಾರದು.

ಬಣ್ಣಕ್ಕೆ ಹೈದರಾಬಾದಿನಲ್ಲಿ ಬರಗಾಲವಿಲ್ಲ. ಸಂಕ್ರಾಂತಿಯೆಂದರೆ ಈ ಊರಿಗೆ ಗಾಳಿಪಟ. ಧೂಲ್‌ಪೇಟೆಯ ಮನೆಗಳಲ್ಲಿ ಅವನ್ನು ಕಟ್ಟುವುದೇ ಅನೇಕರ ಜೀವನ. ಹಬ್ಬ ಕಳೆದ ವಾರ ನಮ್ಮ ಬೀದಿಯ ಬೇವಿನ ಮರದಲ್ಲಿ ಎಲೆಗಿಂತ ಹೆಚ್ಚಾಗಿ ಹರಿದ ಪಟಗಳು ನೇತಾಡುತ್ತವೆ. ಕೈಗೆ ಎಟುಕುವವನ್ನು ಮಾತ್ರ ತಂದು, ಕಡ್ಡಿ ಬಿಡಿಸಿ, ಪುಸ್ತಕದ ನಡುವೆ ಇಟ್ಟರೆ ವರ್ಷಕ್ಕಾಗುವಷ್ಟು ಬಣ್ಣದ ಕಾಗದ. ವಿದ್ಯುತ್ ತಂತಿಯ ಮೇಲಿನವು ಅಲ್ಲೇ ಇರಲಿ. ಮಕ್ಕಳ ಕೈಗೆ ಕೊಡುವ ಮುನ್ನ ದಾರವನ್ನು ಹಿರಿಯರೇ ತೆಗೆಯಬೇಕು. ನೈಲಾನ್ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲಿ ನಿಷೇಧಿಸಿದ್ದರೂ ಮರದಲ್ಲಿ ಸಿಗುವುದುಂಟು, ಬೆರಳು ಸೀಳುತ್ತದೆ. ಪಟದ ಕಾಗದ ಬಲು ತೆಳುವು, ನೀರು ತಗಲಿದರೆ ಬಣ್ಣ ಬಿಡುತ್ತದೆ. ಹೂವಿಗೆ, ಅಂಚಿಗೆ ಸೈ; ಪೊಟ್ಟಣಕ್ಕೆ ಆಗದು.

ದೂರದಲ್ಲಿರುವ ಅಜ್ಜಿಯರಿಗೆ ಎಳ್ಳಿನ ಪೊಟ್ಟಣ ಅಂಚೆಯಲ್ಲಿ ಹೋದರೆ ಅಪ್ಪಚ್ಚಿಯಾದೀತು. ಅದಕ್ಕೆ ಬೇರೆ ದಾರಿಯಿದೆ. ಮಗುವಿನ ಅಂಗೈಯನ್ನು ಕಾಗದದ ಮೇಲಿರಿಸಿ ಸುತ್ತ ಗೆರೆ ಎಳೆದು, ಕತ್ತರಿಸಿ, ಬೆರಳುಗಳನ್ನು ಒಳಕ್ಕೆ ಮಡಿಸುವುದು. ಒಳಗೆ ಒಂದು ಮಾತು, ಒಂದೇ ಸಾಕು. ಲಕೋಟೆ ಒಡೆದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಓದುವುದು ಓದುವವರಿಗೂ ಆಟ. ಹಿಂದೆ ಮಗುವಿನ ವಯಸ್ಸನ್ನೂ ತಾರೀಖನ್ನೂ ಸೀಸದ ಕಡ್ಡಿಯಲ್ಲಿ ಸಣ್ಣದಾಗಿ ಬರೆಯಿರಿ. ಅಲ್ಲಿ ಮಾತ್ರ ಹಿರಿಯರ ಕೈಗೆ ಅಪ್ಪಣೆಯುಂಟು. ಪುಟ್ಟ ಕಳೆದ ಆಷಾಢದಲ್ಲಿ ನಮ್ಮ ಅಕ್ಕನವರಿಗೆ ಹೀಗೊಂದು ಅಂಗೈ ಕಳಿಸಿದ. ಒಳಗೆ "ಅಜಿ" ಎಂದಿತ್ತು. ಒತ್ತಕ್ಷರ ಬಿಟ್ಟುಹೋಗಿದೆಯೆಂದು ನಮ್ಮ ನಾಲಗೆಯ ತುದಿಗೆ ಬಂದಿತ್ತು, ಲಕೋಟೆ ಅಂಟಿಸಿದೆವು. ಅಕ್ಕನವರು ಫ಼ೋನಿನಲ್ಲಿ ಒತ್ತಕ್ಷರದ ಸುದ್ದಿಯೆತ್ತಲಿಲ್ಲ. ಅಂಗೈ ತಮ್ಮ ಅಂಗೈಯಲ್ಲಿ ಎಷ್ಟು ಜಾಗ ಬಿಡುತ್ತದೆಯೆಂದು ಅಳೆದು ನೋಡಿದರಂತೆ.

ದಸರೆಯಲ್ಲಿ ಇನ್ನೊಂದು. ಉತ್ತರ ಕರ್ನಾಟಕದವರು ಬನ್ನಿ ಎಲೆಯನ್ನು ಬಂಗಾರವೆಂದು ಹಿರಿಯರ ಕೈಗಿತ್ತು ನಮಸ್ಕರಿಸುವಂತೆ ತೆಲಂಗಾಣದವರೂ ಜಮ್ಮಿ ಎಲೆಯನ್ನು ಬಂಗಾರವೆಂದೇ ಕೊಡುತ್ತಾರೆ. ಮರವೂ ಒಂದೇ, ಮಾತೂ ಒಂದೇ. ಮೂರನೆಯ ಮಹಡಿಯ ಮಕ್ಕಳಿಗೆ ಬನ್ನಿ ಮರ ಎಲ್ಲಿ ಸಿಗಬೇಕು? ಬೀದರದ ಕಡೆಯ ನಮ್ಮ ಸ್ನೇಹಿತರ ಮನೆಯ ಹುಡುಗಿಯರು ಹಳದಿ ಕಾಗದದಲ್ಲಿ ಎಲೆ ಕತ್ತರಿಸಿ, ನಿಜವಾದ ಒಂದು ಎಸಳನ್ನು ಅದರ ಜೊತೆಗಿಟ್ಟು ಮನೆಮನೆಗೆ ಹಂಚಿದರು. ಬಾಗಿಲು ತೆರೆದವರಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಲಿಲ್ಲ.

ಈ ಸಾಲುಗಳನ್ನು ಬರೆಯುತ್ತಿರುವಾಗ ಡಿಸೆಂಬರ್ ನಡೆದಿದೆ. ನಮ್ಮ ಮನೆಯಲ್ಲಿ ಪೊಟ್ಟಣದ ಕೆಲಸ ಈ ವರ್ಷ ಬೇಗ ಶುರುವಾಗಿದೆ. ಕಳೆದ ಭಾನುವಾರ ಏಳು ತಯಾರಾದವು. ಮೊದಲನೆಯದು ಎದುರು ಮನೆಗೆಂದು ಬೇರೆ ಇಡಲಾಗಿದೆ. ಅದರ ಮೇಲೆ "ಎಳ್ಳು" ಎಂದೂ, ಕೆಳಗೆ ತೆಲುಗಿನಲ್ಲಿ "ನುವ್ವುಲು" ಎಂದೂ ಇದೆ. ಆಕೆಗೆ ಮತ್ತೆ ಅಪಾರ್ಥವಾಗಬಾರದಲ್ಲ! ಮಿಕ್ಕ ಆರರಲ್ಲಿ ಪರೀಕ್ಷೆಗೆಂದು ಪುಟ್ಟ ಒಂದೊಂದು ಚಮಚ ಸಕ್ಕರೆ ತುಂಬಿ ಮೇಜಿನ ಮೇಲೆ ಸಾಲಾಗಿಟ್ಟು ಮಲಗಿದ. ರಾತ್ರಿ ನೀರು ಕುಡಿಯಲು ಎದ್ದಾಗ ನೋಡಿದೆವು. ಮೂರನೆಯದರ ಮೂಲೆ ಬಿಚ್ಚಿಕೊಂಡಿತ್ತು. ಒಂದು ಬೆರಳಿನಿಂದ ಒಳಕ್ಕೆ ನೂಕಿದ್ದರೆ ಸರಿಹೋಗುತ್ತಿತ್ತು. ಕೈ ಮೇಜಿನವರೆಗೂ ಹೋಗಿತ್ತು. ಒಳಗಿನಿಂದ ಮನೆಯಾಕೆ, "ರೀ, ದೀಪ ಆರಿಸಿ ಬನ್ನಿ" ಎಂದರು.

ಬೆಳಿಗ್ಗೆ ಮೂರನೆಯ ಪೊಟ್ಟಣದಿಂದ ಕಿಟಕಿಯವರೆಗೆ ಇರುವೆಗಳ ಸಾಲು. ಪುಟ್ಟ ಮಂಡಿಯೂರಿ ಕುಳಿತು ಬಹಳ ಹೊತ್ತು ನೋಡಿದ. "ಇದು ಸೋರತ್ತೆ ತಾತ. ಬಿಚ್ಚಿ ಮತ್ತೆ ಮಡಿಸ್ತೀನಿ" ಎಂದ. ಇರುವೆಗಳನ್ನು ಒರೆಸುವ ಕೆಲಸ ನಮ್ಮ ಪಾಲಿಗೆ ಬಂತು.